ಒಂದು ಡಿಸ್ಚಾರ್ಜ್, ಮೂರು ಸ್ಪ್ಯಾನಿಷ್ ಮಾತು

ಮುಂಬೈಗೆ ಬಂದ ಮೂರನೆಯ ದಿನ, ಭಾಂಡುಪ್‌ನಿಂದ ಹೊರಟ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಹೇಗೋ ನನಗೊಂದು ಸೀಟು ಸಿಕ್ಕಿತು. ಎದುರು ನಿಂತಿದ್ದ ಹೆಂಗಸು ಬಾಗಿ, ‘ಕುಠೆ ಉತರ್ಣಾರ್?’ ಎಂದಳು. ಎಲ್ಲಿ ಇಳಿಯುತ್ತೀ ಎಂದರ್ಥ. ಈ ಊರಿನಲ್ಲಿ ನನ್ನನ್ನು ಮಾತಾಡಿಸಿದ ಮೊದಲ ಅಪರಿಚಿತೆ ಅವಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಗದಗಿನವಳು, ಚಿಗವ್ವನ ಮನೆಗೆ ಬಂದಿದ್ದೇನೆ, ಚಿಗವ್ವ ಬೈಕುಲ್ಲಾದಲ್ಲಿ ಅಡುಗೆ ಕೆಲಸ ಮಾಡುತ್ತಾಳೆ, ಅವಳನ್ನು ನೋಡಲು ಹೊರಟಿದ್ದೇನೆ ಎಂದು ಹರುಕು ಹಿಂದಿಯಲ್ಲಿ ಹೇಳುತ್ತಲೇ ಹೋದೆ. ಬೈಕುಲ್ಲಾ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವಳು ನನ್ನನ್ನು ಅಲ್ಲಿಗೇ ಬಿಟ್ಟು ಪಕ್ಕದವಳ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದಳು.

ಚಿಗವ್ವ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ಯೋಗಕ್ಷೇಮದ ಪ್ರಶ್ನೆಯಲ್ಲವಂತೆ. ಯಾರು ಮೊದಲು ಇಳಿಯುತ್ತಾರೋ ಅವರ ಸೀಟನ್ನು ಮುಂಗಡ ಹಿಡಿದಿಟ್ಟುಕೊಳ್ಳುವ ಪದ್ಧತಿಯಂತೆ. ಬೈಕುಲ್ಲಾ ಬಹಳ ದೂರ, ನನ್ನ ಸೀಟು ನೆಚ್ಚಿ ಅವಳಿಗೆ ಪ್ರಯೋಜನವಿರಲಿಲ್ಲ. ನಮ್ಮ ಗದಗಿನ ಬಸ್ಸಿನಲ್ಲಿ ಯಾರಾದರೂ ಎಲ್ಲಿ ಇಳಿಯುತ್ತೀರಿ ಎಂದು ಕೇಳಿದರೆ, ಇಳಿಯುವಷ್ಟರಲ್ಲಿ ಅವರಿಗೆ ನಿಮ್ಮ ತಾಯಿಯ ತವರೂರು ಗೊತ್ತಾಗಿರುತ್ತದೆ, ನಿಮ್ಮ ಕೈಯಲ್ಲಿ ಅವರು ಕೊಟ್ಟ ಪೇರಲ ಹಣ್ಣು ಇರುತ್ತದೆ. ಪದಗಳೆಲ್ಲ ಗೊತ್ತಿದ್ದರೂ ಮಾತು ತಿಳಿಯದೇ ಹೋಗಬಹುದು ಎಂಬುದು ನನಗೆ ಅಂದೇ ತಟ್ಟಿತು. ಮುಂದೆ ಅದೇ ನನ್ನ ಹೊಟ್ಟೆಪಾಡಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಚಿಗವ್ವನ ಮನೆ ಭಾಂಡುಪ್‌ನ ಗುಡ್ಡದ ಓರೆಯ ಚಾಳಿನಲ್ಲಿ. ಒಂದೇ ಖೋಲಿ. ಮರಾಠಿಯವರೂ ಖೋಲಿ ಎಂದೇ ಅನ್ನುವುದರಿಂದ ಆ ಒಂದು ಪದ ನನಗೆ ಮೊದಲ ದಿನವೇ ನಂಟಾಯಿತು. ಗದಗಿನಲ್ಲಿ ನಲ್ಲಿ ನೀರು ಬರಲು ವಾರ ಕಾಯಬೇಕು, ಬಂದರೆ ಓಣಿಗೆಲ್ಲ ಹಬ್ಬ. ಇಲ್ಲಿ ದಿನವೂ ಬೆಳಿಗ್ಗೆ ಬರುತ್ತದೆ, ಆದರೆ ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ನಿಂತುಹೋಗುತ್ತದೆ. ಅಲ್ಲಿ ತಾಳ್ಮೆ ಬೇಕು, ಇಲ್ಲಿ ಚುರುಕು ಬೇಕು. ಜೋಳದ ಹಿಟ್ಟು ಗಿರಣಿಯಲ್ಲಿ ಸಿಗುತ್ತದೆ, ರೊಟ್ಟಿಯನ್ನು ಭಾಕ್ರಿ ಅನ್ನುತ್ತಾರೆ, ದಪ್ಪ ಬಡಿಯುತ್ತಾರೆ. ಚಿಗವ್ವನ ಮಗಳು ಸ್ನೇಹಾಗೆ ನಾನು ಕನ್ನಡದಲ್ಲಿ ಮಾತಾಡಿದರೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ನಂತರ ನಾನೇ ‘ಸ್ಟೇಷನ್ ಮೇ ಬಹುತ್ ಗರ್ದಿ ಇತ್ತು’ ಎಂದು ಹೇಳಿದ ದಿನ ಸುಮ್ಮನಾದೆ.

ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿದವಳಿಗೆ ಮುಂಬೈಯಲ್ಲಿ ಕೆಲಸಕ್ಕೇನು ಕೊರತೆ ಎಂದು ಊರಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು. ಇಲ್ಲಿ ಇಂಗ್ಲಿಷ್ ಬಾರದವರೇ ಇರಲಿಲ್ಲ. ಒಂದು ವರ್ಷ ಮಕ್ಕಳಿಗೆ ಟ್ಯೂಷನ್ ಹೇಳಿದೆ. ಚಿಗವ್ವ ಅಡುಗೆ ಮಾಡುತ್ತಿದ್ದುದು ಬೈಕುಲ್ಲಾದಲ್ಲಿ ನಿವೃತ್ತ ಸನ್ಯಾಸಿನಿಯರು ಇರುವ ಒಂದು ಮನೆಯಲ್ಲಿ. ಅಲ್ಲಿ ಮಂಗಳೂರು ಕಡೆಯ ಸಿಸ್ಟರ್ ಬೆನೆಡಿಕ್ಟಾ ಇದ್ದರು. ಪ್ರಾಯದ ಕಾಲವನ್ನೆಲ್ಲ ಬೊಲಿವಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಕಳೆದು ಬಂದವರು. ಚಿಗವ್ವನ ಜೊತೆ ಕನ್ನಡ ಮಾತಾಡಲೆಂದೇ ಅಡುಗೆಮನೆಗೆ ಬಂದು ಬೀನ್ಸ್ ಮುರಿಯುತ್ತ ಕೂರುತ್ತಿದ್ದರು. ನನ್ನನ್ನು ನೋಡಿ, ಎಲ್ಲರಿಗೂ ಬರುವ ಭಾಷೆ ಕಲಿತು ಏನು ಮಾಡುವುದು, ಯಾರಿಗೂ ಬಾರದ್ದನ್ನು ಕಲಿ ಎಂದರು. ಹೀಗೆ ಎರಡು ವರ್ಷ ಪ್ರತಿ ಶನಿವಾರ ಮಧ್ಯಾಹ್ನ, ಬೈಕುಲ್ಲಾದ ಅಡುಗೆಮನೆಯಲ್ಲಿ, ಮಂಗಳೂರು ಕನ್ನಡದ ಮೂಲಕ ನಾನು ಸ್ಪ್ಯಾನಿಷ್ ಕಲಿತೆ. ಗದಗಿನ ಹುಡುಗಿಗೆ ಮಂಗಳೂರು ಕನ್ನಡವೇ ಅರ್ಧ ಪರಭಾಷೆ. ಆದ್ದರಿಂದ ಎರಡನ್ನು ಕಲಿತೆ ಎನ್ನಬೇಕು.

ಸ್ಪ್ಯಾನಿಷ್ ಪರೀಕ್ಷೆ ಪಾಸಾದ ಮೇಲೆ ಪರೇಲ್‌ನ ಒಂದು ಅನುವಾದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹಳೆಯ ಬಟ್ಟೆ ಗಿರಣಿಯ ಜಾಗದಲ್ಲಿ ಎದ್ದ ಗಾಜಿನ ಬಿಲ್ಡಿಂಗ್, ನಾಲ್ಕನೆಯ ಮಹಡಿ. ಯಂತ್ರಗಳ, ಔಷಧಗಳ ಕೈಪಿಡಿಗಳನ್ನು ಬೇರೆ ಬೇರೆ ಭಾಷೆಗೆ ತಿರುಗಿಸುವುದು ಅಲ್ಲಿಯ ಕೆಲಸ. ಮೊದಲ ಆರು ತಿಂಗಳು ಪರೀಕ್ಷಾವಧಿ. ಕೆಲಸ ಕಾಯಂ ಆಗದಿದ್ದರೆ ಗದಗಿಗೆ ಮರಳಿ, ಅಪ್ಪ ಮಾತಾಡಿಟ್ಟಿದ್ದ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಬೇಕೆಂದು ಮನೆಯಲ್ಲಿ ಒಪ್ಪಂದವಾಗಿತ್ತು. ಆ ಕೆಲಸ ಕೆಟ್ಟದ್ದೇನಲ್ಲ. ಆದರೆ ಸೋತು ಹೋಗಿ ಅದನ್ನು ಹಿಡಿಯಲು ನನಗೆ ಮನಸ್ಸಿರಲಿಲ್ಲ.

ಐದನೆಯ ತಿಂಗಳಿನಲ್ಲಿ ಒಂದು ಚಿಕ್ಕ ಕೈಪಿಡಿ ನನ್ನ ಮೇಜಿಗೆ ಬಂತು. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಕೊಳವೆ ಹಾಕಿ ಒಳಗಿನ ನೀರನ್ನು ಹೀರುವ, ರೋಗಿ ಮನೆಗೆ ಒಯ್ಯಬಹುದಾದ ಪುಟ್ಟ ಬ್ಯಾಟರಿ ಯಂತ್ರದ್ದು. ಪೆರು ದೇಶಕ್ಕೆ ಹೋಗಬೇಕಿತ್ತು. ಅದರಲ್ಲಿ ಹೆಜ್ಜೆ ಹೆಜ್ಜೆಗೂ ಡಿಸ್ಚಾರ್ಜ್ ಎಂಬ ಪದ. ಡಿಸ್ಚಾರ್ಜ್ ಆದ ಮೇಲೆ ಹತ್ತು ದಿನ ಯಂತ್ರವನ್ನು ತೆಗೆಯಬಾರದು. ಡಿಸ್ಚಾರ್ಜ್ ಹಳದಿಯಾದರೆ, ವಾಸನೆ ಬಂದರೆ ಕೂಡಲೇ ವೈದ್ಯರನ್ನು ಕಾಣಬೇಕು. ಪೂರ್ತಿ ಡಿಸ್ಚಾರ್ಜ್ ಆಗಲು ಬಿಡದೆ ಪ್ಲಗ್ಗಿಗೆ ಹಚ್ಚಬೇಕು.

ನಮಗೆ ಇದರಲ್ಲಿ ಕಷ್ಟವೇ ಇಲ್ಲ. ಕನ್ನಡದಲ್ಲಿ ನಾವು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುತ್ತೇವೆ, ನಮ್ಮ ಮೊಬೈಲೂ ಡಿಸ್ಚಾರ್ಜ್ ಆಗುತ್ತದೆ. ಇಂಗ್ಲಿಷಿನವರು ಒಂದೇ ಚೀಲಕ್ಕೆ ತುಂಬಿದ್ದನ್ನು ನಾವು ಚೀಲದ ಸಮೇತ ತಂದುಕೊಂಡಿದ್ದೇವೆ. ಸ್ಪ್ಯಾನಿಷ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಮಾತು. ರೋಗಿಯನ್ನು ಮನೆಗೆ ಕಳಿಸಿದರೆ ಅದು ‘ಆಲ್ತಾ’. ಗಾಯದಿಂದ ಒಸರುವುದು ‘ಸೆಕ್ರೆಸಿಯೋನ್’. ಬ್ಯಾಟರಿ ಇಳಿದರೆ ಮಾತ್ರ ‘ದೆಸ್ಕಾರ್ಗಾ’. ಈ ದೆಸ್ಕಾರ್ಗಾಕ್ಕೆ ಕರೆಂಟ್ ಹೊಡೆಯುವ ಶಾಕ್ ಎಂಬ ಅರ್ಥವೂ ಉಂಟು.

ತೊಂದರೆ ಇದ್ದದ್ದು ಗ್ರಾಹಕ ಕಂಪನಿ ಕಳಿಸಿದ್ದ ಪದಪಟ್ಟಿಯಲ್ಲಿ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಸ್ಪ್ಯಾನಿಷ್ ಪದ ಎಂಬ ನಿಯಮ. ಡಿಸ್ಚಾರ್ಜ್ ಎದುರಿಗೆ ದೆಸ್ಕಾರ್ಗಾ ಎಂದಿತ್ತು. ಬೇರೆ ಪದ ಹಾಕಿದರೆ ಕಂಪ್ಯೂಟರಿನಲ್ಲಿ ಆ ಸಾಲು ಕೆಂಪಾಗುತ್ತಿತ್ತು. ಕೆಂಪು ಸಾಲಿರುವ ಕಡತ ಮುಂದೆ ಹೋಗುವುದಿಲ್ಲ.

ನನ್ನ ಮೇಲಿನವರು ವಸುಧಾ ಮೇಡಮ್. ದಾದರ್ ಕಡೆಯವರು, ಫ್ರೆಂಚ್‌ನಲ್ಲಿ ಪಳಗಿದ ಕೈ, ಕೆಲಸದಲ್ಲಿ ಕಟ್ಟುನಿಟ್ಟು. ಅವರಿಗೆ ಹೇಳಿದೆ. ಪಟ್ಟಿ ಗ್ರಾಹಕರದ್ದು, ಅದನ್ನು ಮುಟ್ಟುವ ಅಧಿಕಾರ ನಮಗಿಲ್ಲ, ಶುಕ್ರವಾರದೊಳಗೆ ಕಳಿಸಬೇಕು ಎಂದರು. ಪಟ್ಟಿ ಮಾಡಿದವರು ಬ್ಯಾಟರಿಯನ್ನಷ್ಟೇ ನೆನೆದು ಮಾಡಿದ್ದಾರೆ ಎಂದೆ. ಇರಬಹುದು ಎಂದರು. ಕಡತದ ಕೊನೆಯಲ್ಲಿ ಅನುವಾದಕರ ಹೆಸರಿನ ಜಾಗವಿತ್ತು. ಅಲ್ಲಿ ನನ್ನ ಹೆಸರು ಹಾಕುವುದಿಲ್ಲ ಎಂದು ಬಾಯಿಂದ ಬಂದುಬಿಟ್ಟಿತು.

ಅಷ್ಟು ಹಟ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಅಪ್ಪ ಮುದ್ರಣಾಲಯದಲ್ಲಿ ಬೈಂಡಿಂಗ್ ಮಾಡುವವರು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಆಸ್ಪತ್ರೆಯ ಮಂಚದ ಕಾಲಿಗೆ ನೇತುಹಾಕಿದ್ದ ಕಾಗದ ಓದು ಎಂದು ಅವ್ವ ಹೇಳಿದಳು. ನೋ ಡಿಸ್ಚಾರ್ಜ್ ಎಂದಿತ್ತು. ಮನೆಗೆ ಬಿಡುವುದಿಲ್ಲವಂತೆ ಎಂದು ನಾನು ಗಟ್ಟಿಯಾಗಿ ಅನುವಾದಿಸಿದೆ. ಅವ್ವ ಏನೋ ಕೆಟ್ಟದ್ದಾಗಿದೆ, ನಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದು ಮಧ್ಯಾಹ್ನದವರೆಗೆ ವರಾಂಡದಲ್ಲಿ ಕೂತು ಅತ್ತಳು. ಕೊನೆಗೆ ನರ್ಸ್ ಬಂದು, ಗಾಯದಿಂದ ಏನೂ ಸೋರುತ್ತಿಲ್ಲ, ಚೆನ್ನಾಗಿ ಮಾಯುತ್ತಿದೆ ಎಂದು ಅದರ ಅರ್ಥ ಹೇಳಿದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಪೆರುವಿನಲ್ಲೂ ಯಾವುದೋ ಮನೆಯಲ್ಲಿ ಒಬ್ಬಳು ಓದುತ್ತಾಳೆ, ಉಳಿದವರು ಕೇಳುತ್ತಾರೆ. ಅವಳ ಕೈಗೆ ತಪ್ಪು ಪದ ಕೊಡಲು ನಾನು ತಯಾರಿರಲಿಲ್ಲ.

ಆ ದಿನ ಸಂಜೆ ನೇರ ಮನೆಗೆ ಹೋಗದೆ ಬೈಕುಲ್ಲಾಗೆ ಹೋದೆ. ಸಿಸ್ಟರ್ ಕನ್ನಡಕ ಹಾಕಿಕೊಂಡು ಪಟ್ಟಿಯಲ್ಲಿದ್ದಂತೆ ಮಾಡಿದ ಅನುವಾದ ಓದಿದರು. ಎರಡನೆಯ ಸಾಲಿಗೇ ನಿಂತರು.

‘ಎಂತ ಮಗಳೇ ಇದು? ಶಾಕ್ ಹೊಡೆದ ಮೇಲೆ ಹತ್ತು ದಿನ ತೆಗೆಯಬಾರದು ಅಂತ ಬರೆದದ್ದಾ?’

ನಾನು ಸರಿಮಾಡಿದ್ದ ಪ್ರತಿ ಕೊಟ್ಟೆ. ಹೊಗಳುತ್ತಾರೆಂದುಕೊಂಡಿದ್ದೆ. ಅವರು ಸೆಕ್ರೆಸಿಯೋನ್ ಎಂಬಲ್ಲಿ ಬೆರಳಿಟ್ಟರು. ಅದು ಡಾಕ್ಟರರ ಮಾತು, ಅಲ್ಲಿಯ ಗುಡ್ಡಗಾಡಿನ ಹೆಂಗಸರಿಗೆ ಅದು ನಾಟುವುದಿಲ್ಲ, ಗಾಯದಿಂದ ಬರುವ ನೀರು ಎಂದೇ ಬರೆ ಎಂದರು. ಆಲ್ತಾ ಎಂಬ ಪದಕ್ಕೂ ಎತ್ತರದವಳು ಎಂಬ ಇನ್ನೊಂದು ಅರ್ಥವಿದೆ, ಬಿಡಿಯಾಗಿ ಬರೆದರೆ ಕೆಲವರು ತಡವರಿಸುತ್ತಾರೆ, ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಎಂದು ಬಿಡಿಸಿ ಹೇಳು ಎಂದರು. ಇಂಗ್ಲಿಷ್ ಮಾತ್ರ ಗೊಂದಲದ ಭಾಷೆ ಎಂದುಕೊಂಡಿದ್ದ ನನ್ನ ಜಂಬ ಸ್ವಲ್ಪ ಇಳಿಯಿತು. ಅಲ್ಲೇ ಕೂತು ಇಬ್ಬರೂ ಇಪ್ಪತ್ತೆರಡು ಕಡೆ ತಿದ್ದಿದೆವು.

ಮರುದಿನ ಹಳೆಯದನ್ನೂ ಹೊಸದನ್ನೂ ಎದುರುಬದುರು ಇಟ್ಟು, ಪ್ರತಿ ಸಾಲಿನ ಕೆಳಗೆ ಅದನ್ನು ಓದಿದ ರೋಗಿ ಏನು ಮಾಡಿಯಾನು ಎಂದು ಬರೆದು ವಸುಧಾ ಮೇಡಮ್ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ಓದಿದರು. ಆಮೇಲೆ, ತಾನು ಇದನ್ನು ತಡೆಯುವುದಿಲ್ಲ, ಆದರೆ ತನ್ನ ಹೆಸರಿನಲ್ಲಿ ಕಳಿಸುವುದೂ ಇಲ್ಲ, ಬೇಕಿದ್ದರೆ ನೀನೇ ಕಂಪನಿಯವರಿಗೆ ಬರೆ ಎಂದರು. ತಪ್ಪಾದರೆ ನಿನ್ನ ಆರು ತಿಂಗಳ ವರದಿಯಲ್ಲಿ ಅದು ಇರುತ್ತದೆ ಎಂದೂ ಹೇಳಿದರು. ನಾನು ಬರೆದೆ.

ಶುಕ್ರವಾರ ಕಳೆಯಿತು. ಉತ್ತರವಿಲ್ಲ. ಕಡತ ತಡವಾಯಿತೆಂದು ಮೇಲಿನಿಂದ ಮೇಡಮ್‌ಗೆ ಬೈಗುಳ ಬಂತು. ಅವರು ನನ್ನ ಜೊತೆ ಮಾತು ಬಿಟ್ಟರು. ಊಟದ ಹೊತ್ತಿಗೆ ನನ್ನ ಪಕ್ಕದ ಕುರ್ಚಿಗಳು ಖಾಲಿ ಇರತೊಡಗಿದವು. ಆ ನಾಲ್ಕು ದಿನ ನನಗೆ ಊರಿನಲ್ಲಿದ್ದಂತಹ ಒಬ್ಬ ಗೆಳತಿಯೂ ಇಲ್ಲಿಲ್ಲ ಎಂಬುದು ಲೆಕ್ಕವಿಟ್ಟಂತೆ ಗೊತ್ತಾಯಿತು. ಅವ್ವ ಫೋನ್ ಮಾಡಿದರೆ ಎಲ್ಲ ಚಲೋ ಐತಿ ಅನ್ನುತ್ತಿದ್ದೆ.

ಮಂಗಳವಾರ ಸಂಜೆ ಏಳೂವರೆಗೆ, ಹೊರಡಲು ಚೀಲ ಹೆಗಲಿಗೇರಿಸಿದಾಗ, ಪೆರುವಿನ ರಾಜಧಾನಿ ಲಿಮಾದಿಂದ ಫೋನ್ ಬಂತು. ಅಲ್ಲಿ ಬೆಳಿಗ್ಗೆ ಒಂಬತ್ತು. ಯಂತ್ರವನ್ನು ಅಲ್ಲಿಯ ಆಸ್ಪತ್ರೆಗಳಿಗೆ ಹಂಚುವ ಕಚೇರಿಯ ಒಬ್ಬರು, ನನ್ನ ಪತ್ರವನ್ನು ಕಂಪನಿಯವರು ಅವರಿಗೆ ದಾಟಿಸಿದ್ದರು. ಸ್ಪ್ಯಾನಿಷ್‌ನಲ್ಲೇ ಮಾತಾಡಿದರು, ಬಹಳ ಬೇಗ ಬೇಗ. ಹುಟ್ಟಾ ಆ ಭಾಷೆಯವರ ಜೊತೆ ನಾನು ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ನಿಧಾನವಾಗಿ ಮಾತಾಡಿ ಎಂದು ಎರಡು ಸಲ ಕೇಳಿಕೊಂಡೆ. ಕಂಪನಿಗೆ ಆ ಪಟ್ಟಿ ಮಾಡಿಕೊಟ್ಟದ್ದು ಅವರ ಕಚೇರಿಯೇ, ಅದಕ್ಕೆ ಅವರಿಗೆ ಅಸಮಾಧಾನವಾಗಿತ್ತು. ನಾನು ವಾದಿಸಲು ಹೋಗಲಿಲ್ಲ. ವಾದಿಸುವಷ್ಟು ಭಾಷೆಯೂ ನನ್ನಲ್ಲಿರಲಿಲ್ಲ. ಪಟ್ಟಿಯಂತೆ ಮಾಡಿದ ಸಾಲನ್ನು ಓದುತ್ತೇನೆ, ಕೇಳಿ, ನಿಮ್ಮ ತಾಯಿಯೂ ಕೇಳುತ್ತಿದ್ದಾರೆ ಎಂದುಕೊಳ್ಳಿ ಎಂದೆ. ‘ದೆಸ್ಕಾರ್ಗಾ ಆದ ಮೇಲೆ’ ಎಂಬಲ್ಲಿಗೆ ಬಂದಾಗ ಅವರು ತಡೆದರು.

‘ಕೇ ದೆಸ್ಕಾರ್ಗಾ?’

ಯಾವ ಶಾಕು ಎಂದು ಕೇಳಿದ್ದರು. ತಮ್ಮ ಪ್ರಶ್ನೆಗೆ ತಾವೇ ಸಣ್ಣಗೆ ನಕ್ಕು, ನಮ್ಮ ತಾಯಿಯಾಗಿದ್ದರೆ ಅಷ್ಟೊತ್ತಿಗೆ ಕೊಳವೆಯನ್ನೇ ಕಿತ್ತೆಸೆದಿರುತ್ತಿದ್ದಳು ಎಂದರು. ಉಳಿದ ಸಾಲುಗಳನ್ನೂ ಓದಿಸಿಕೊಂಡರು. ಗಾಯದಿಂದ ಬರುವ ನೀರು ಎಂಬಲ್ಲಿ, ಇದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಬೊಲಿವಿಯಾದಲ್ಲಿದ್ದ ನಮ್ಮ ಕಡೆಯ ಒಬ್ಬ ನರ್ಸ್ ಎಂದೆ. ನಮ್ಮ ಕಡೆ ಎಂದರೆ ಎಲ್ಲಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಾರದಲ್ಲಿ ಹೊಸ ಪಟ್ಟಿ ಬಂತು. ಡಿಸ್ಚಾರ್ಜ್ ಎದುರಿಗೆ ಈಗ ಮೂರು ಸಾಲು. ಕೈಪಿಡಿ ನನ್ನ ಹೆಸರಿನೊಂದಿಗೆ ಹೋಯಿತು. ವಸುಧಾ ಮೇಡಮ್ ಶಹಬ್ಬಾಸ್ ಅನ್ನಲಿಲ್ಲ. ತಡವಾಗಿದ್ದನ್ನು ನನ್ನ ವರದಿಯಲ್ಲಿ ಬರೆದರು, ಅದರ ಕೆಳಗೆ ಕೆಲಸ ಕಾಯಂ ಮಾಡಬಹುದು ಎಂದೂ ಬರೆದರು. ಮರುದಿನ ಊಟಕ್ಕೆ ಕೂತಾಗ ತಮ್ಮ ಡಬ್ಬಿಯನ್ನು ನನ್ನ ಕಡೆ ಸರಿಸಿ, ನಿನ್ನ ಭಾಕ್ರಿ ಎಷ್ಟು ತೆಳ್ಳಗಿದೆ, ಒಂದು ಕೊಡು ಎಂದರು.

ಈಗ ಭಾಂಡುಪ್‌ನಲ್ಲೇ ಸ್ಟೇಷನ್ ಹತ್ತಿರ ನನ್ನದೇ ಒಂದು ಬಾಡಿಗೆ ಖೋಲಿ ಇದೆ. ಕಳೆದ ತಿಂಗಳು ಅವ್ವ ಎಂಟು ದಿನ ಬಂದಿದ್ದಳು. ಬೆಳಿಗ್ಗೆ ನನಗಿಂತ ಮೊದಲೆದ್ದು ನೀರು ಹಿಡಿದಳು. ಪಕ್ಕದ ಮನೆಯ ಮರಾಠಿ ಆಜಿಯ ಜೊತೆ ಅವಳು ಕನ್ನಡದಲ್ಲಿ, ಆಜಿ ಮರಾಠಿಯಲ್ಲಿ, ದಿನವೂ ತಾಸುಗಟ್ಟಲೆ ಮಾತಾಡಿದರು. ಒಂದು ದಿನ ನನ್ನ ಕಚೇರಿಗೆ ಬಂದು ಮೇಜನ್ನು ಸೆರಗಿನಿಂದ ಒರೆಸಿದಳು. ಊರಿನ ಶಾಲೆಯ ಆ ಕೆಲಸ ಇನ್ನೂ ಖಾಲಿ ಇದೆಯೆಂದು ಅಪ್ಪ ಫೋನಿನಲ್ಲಿ ಹೇಳಿದ್ದರು. ಅವ್ವ ಅದನ್ನು ಹೇಳಿ ನನ್ನನ್ನು ಕರೆದೊಯ್ಯಲೆಂದೇ ಬಂದಿದ್ದಾಳೆಂದು ನನಗೆ ಗೊತ್ತಿತ್ತು. ಎಂಟೂ ದಿನ ಅವಳು ಬಾಯಿ ತೆರೆದಾಗಲೆಲ್ಲ ನಾನು ಉತ್ತರ ಸಿದ್ಧವಿಟ್ಟುಕೊಂಡು ಕಾದೆ.

ಹೊರಡುವ ದಿನ ದಾದರ್‌ನಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕೂತು ಅವಳು ನನ್ನ ಕೈ ಹಿಡಿದಳು.

‘ನಡಿ, ಊರಿಗೆ ಹೋಗೂಣು ಅಂತ ಹೇಳಾಕ ಬಂದಿದ್ದೆ ಯವ್ವಾ. ನಿನ್ನ ನೋಡಿದ ಮ್ಯಾಲೆ, ಹೇಳಬಾರದು ಅನಿಸೇತಿ.’

ರೈಲು ಹೊರಟಿತು. ಅವಳು ಹೇಳಿದ್ದರೆ ಒಲ್ಲೆ ಎನ್ನುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಹೇಳದೆ ಹೋದಳಲ್ಲ ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಳು ಬಂತು. ಹಿಂದಿನಿಂದ ಯಾರೋ ದಾರಿ ಬಿಡು ಎಂದು ಮರಾಠಿಯಲ್ಲಿ ಗದರಿದರು. ನಾನೂ ಮರಾಠಿಯಲ್ಲೇ, ಒಂದು ನಿಮಿಷ ನಿಲ್ಲಿ, ನಮ್ಮ ತಾಯಿಯ ಗಾಡಿ ಈಗಷ್ಟೇ ಹೋಯಿತು ಎಂದೆ. ಅವರು ನಿಂತರು.