ಕೇಳದೆ ಕೊಟ್ಟ ಕೊಸರು

ಕಡಲೆ ಅಕ್ಕ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಮೂಟೆ ತಂದವನ ಎದುರಿಗೇ ತಳದ ಕಾಳು ತೆಗೆಸಿ ನೋಡುವಳು. ನೋಟು ಕೊಟ್ಟವರು ನೆಂಟರೇ ಆದರೂ ಬೆಳಕಿಗೆ ಹಿಡಿಯುವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಹಾಲಿನವಳ ಮುಖಕ್ಕೇ ಹೇಳಿ ಜಗಳ ತಂದುಕೊಂಡಿದ್ದಳು. ಒಂದು ವಿಷಯದಲ್ಲಿ ಮಾತ್ರ ಅವಳ ಕೈ ಧಾರಾಳ. ಮರಳಿನಲ್ಲಿ ಹುರಿದ ಕಡಲೆಬೀಜವನ್ನು ತೂಗಿ, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ, ಒಂದು ಹಿಡಿ ಹುರಿಗಡಲೆ ತೆಗೆದು ಗಿರಾಕಿಯ ಅಂಗೈಗೆ ಸುರಿಯುವಳು. ಅದು ಕೊಸರು. ಗಂಡ ಹೋದ ಮೇಲೂ ಅಂಗಡಿ ಉಳಿದದ್ದು ಬಾಣಲೆಯಿಂದಲ್ಲ, ಈ ಕೊಸರಿನಿಂದ ಎಂದು ಅವಳು ನಂಬಿದ್ದಳು. ಆ ನಂಬಿಕೆ ಸುಳ್ಳೇನೂ ಆಗಿರಲಿಲ್ಲ.

ಆಮೇಲೆ ಬೀದಿಯ ಜನ ಫೋನಿನಲ್ಲೇ ಎಲ್ಲ ತರಿಸತೊಡಗಿದರು. ಎದುರಿನ ಪುಸ್ತಕದಂಗಡಿ ಮುಚ್ಚಿ, ಅಲ್ಲಿ ಪಾರ್ಸಲ್ ಗೋದಾಮು ಬಂತು. ಸಂಜೆ ಅಕ್ಕನ ಮುಂದೆ ಕೈಚಾಚಿ ನಿಲ್ಲುತ್ತಿದ್ದವರು ಒಬ್ಬೊಬ್ಬರಾಗಿ ಕರಗಿದರು. ಒಲೆ ಆರುವ ಹೊತ್ತಿಗೆ ಸೊಸೆ ಹಟ ಹಿಡಿದು ಅಂಗಡಿಯನ್ನು ಫೋನಿನಲ್ಲಿ ಮಾರಾಟ ನಡೆಸುವ ಕಂಪನಿಯೊಂದಕ್ಕೆ ಸೇರಿಸಿದಳು. ಕಡಲೆ ಅಕ್ಕ ಎಂದರೆ ಯಾರೂ ತಿರುಗಿ ನೋಡುವುದಿಲ್ಲವೆಂದು ಎಂಥದೋ ಥಳುಕಿನ ಹೆಸರಿಟ್ಟಳು. ಅಕ್ಕನ ನಾಲಿಗೆಗೆ ಆ ಹೆಸರು ಇವತ್ತಿಗೂ ಹೊರಳುವುದಿಲ್ಲ. ಆದರೆ ಆರ್ಡರು ಬಂದವು, ಒಲೆ ಉರಿಯಿತು.

ಸೊಸೆ ತೂಗಿ ಪ್ಯಾಕೆಟ್ಟು ಕಟ್ಟುವಳು. ಅಂಟು ಹಾಕುವ ಮೊದಲು ಅಕ್ಕ ಬಂದು, ಕಾಗದದಲ್ಲಿ ಸುತ್ತಿದ ಪುಟ್ಟ ಪೊಟ್ಟಣವೊಂದನ್ನು ಒಳಗೆ ತುರುಕುವಳು.

"ಅತ್ತೆ, ಅದನ್ನ ಯಾರು ಕೇಳಿದ್ರು?"

"ಕೇಳಿದ್ಮೇಲೆ ಕೊಟ್ರೆ ಅದು ಕೊಸರಲ್ಲ ಕಣೇ, ವ್ಯಾಪಾರ."

ಒಂದು ಬೆಳಿಗ್ಗೆ ಫೋನಿನಲ್ಲಿ ಅಂಗಡಿ ಮುಚ್ಚಿತ್ತು. ಕಂಪನಿಯವರೇ ಮುಚ್ಚಿದ್ದರು. ಪ್ಯಾಕೆಟ್ಟಿನೊಳಗೆ ಯಾರೋ ಗುರುತಿಲ್ಲದ ವಸ್ತು ಸೇರಿಸಿದ್ದಾರೆಂದು ಒಬ್ಬ ಗಿರಾಕಿ ದೂರು ಕೊಟ್ಟಿದ್ದರಂತೆ. ಅವರು ದೂರು ಹಿಂದಕ್ಕೆ ಪಡೆಯುವ ತನಕ ಅಂಗಡಿ ತೆರೆಯುವುದಿಲ್ಲವಂತೆ. ಗಿರಾಕಿಯ ಹೆಸರು ಕೇಳಿದರೆ ಹೇಳಲಿಲ್ಲ.

ಅಕ್ಕನ ಅನುಮಾನಕ್ಕೆ ಈಗ ಹಬ್ಬ. ಮೊದಲು ಪಾರ್ಸಲ್ ಒಯ್ಯುವವನನ್ನು ಹಿಡಿದಳು. "ದಾರೀಲಿ ಬಿಚ್ಚಿದ್ಯಾ?" ಎಂದು ಕೇಳಿದ್ದೇ ತಡ, ಅವನು ಜೇಬು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತಲ್ಲ ಎಂದು ಅಕ್ಕ ಅವನ ಜೇಬು ತಡಕಿದರೆ, ಸಿಕ್ಕಿದ್ದು ತಲೆನೋವಿನ ಮಾತ್ರೆ. ಆಮೇಲೆ ಮೂಲೆಯ ದೊಡ್ಡ ಅಂಗಡಿಯವರೇ ದುಡ್ಡು ಕೊಟ್ಟು ಮಾಡಿಸಿದ್ದಾರೆ ಎಂದಳು. ಕೊನೆಗೆ ಸೊಸೆಯ ಕಡೆಗೂ ಒಂದು ಓರೆನೋಟ ಬೀರಿದಳು.

"ನನ್ನ ಮೇಲೂ ಅನುಮಾನಾನಾ ಅತ್ತೆ?" ಎನ್ನುತ್ತ ಸೊಸೆ ಕಂಪನಿ ಕಳಿಸಿದ್ದ ಫೋಟೋವನ್ನು ಅಕ್ಕನ ಮುಖಕ್ಕೆ ಹಿಡಿದಳು.

ಫೋಟೋದಲ್ಲಿ ಅಕ್ಕನದೇ ಪೊಟ್ಟಣ. ಅದನ್ನು ಹಿಡಿದ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು.

ಅಕ್ಕನಿಗೆ ತಟ್ಟನೆ ಗುರುತು ಸಿಕ್ಕಿತು. ಎರಡು ಬೀದಿ ಆಚೆಗೆ, ಮೂರನೇ ಮಹಡಿಯಲ್ಲಿರುವ ಗಡಿಯಾರ ರಿಪೇರಿಯ ಅಣ್ಣನ ಕೈ ಅದು. ಆ ಕೈಗೆ ಅವಳು ಅದೆಷ್ಟು ವರ್ಷ ಕೊಸರು ಸುರಿದಿದ್ದಳೋ. ಮಂಡಿನೋವು ಹತ್ತಿದ ಮೇಲೆ ಅವರು ಅಂಗಡಿಗೆ ಬರುವುದು ನಿಂತಿತ್ತು. ತಿಂದ ಮನೆಯ ಜಂತೆ ಎಣಿಸುವವರೆಂದರೆ ಇವರೇ ಎಂದು ಹಲ್ಲು ಕಡಿಯುತ್ತ ಅವಳು ಮೆಟ್ಟಿಲು ಹತ್ತಿದಳು.

ಗಡಿಯಾರದಣ್ಣ ಬಾಗಿಲು ತೆಗೆದವರು ಅರಳಿಹೋದರು.

"ಬಾರಮ್ಮ, ಬಾ. ನೀನು ಬಂದಿದ್ದು ಒಳ್ಳೇದೇ ಆಯ್ತು. ನಿನಗೊಂದು ಮಾತು ಹೇಳ್ಬೇಕಿತ್ತು. ಈ ಫೋನಿನ ಅಂಗಡಿಯವರನ್ನ ನಂಬಬೇಡ. ಮಗ ಹೇಳಿಕೊಟ್ಟ ಅಂತ ಕಡಲೆ ತರಿಸಿದ್ರೆ, ಒಳಗೆ ಅದೇನೋ ಪೊಟ್ಟಣ ಇತ್ತು. ವಿಷವೋ, ಮದ್ದೋ. ಬಾಯಿಗೇ ಹಾಕ್ಲಿಲ್ಲ, ಎಲ್ಲಾ ಕಸಕ್ಕೆ ಸುರಿದೆ. ನಿನ್ನ ಅಂಗಡೀಲಿ ಹೀಗಾಗ್ತಿತ್ತಾ?"

ಬೈಯಲು ಬಂದವಳು ಬೈಗುಳ ನುಂಗಿಕೊಂಡಳು. ಮೋಸವಾಗಿದ್ದರೆ ಎದುರಿಸುತ್ತಿದ್ದಳು. ಇದು ಮೋಸವಾಗಿರಲಿಲ್ಲ.

"ಅಣ್ಣಾ, ಅದು ನನ್ನ ಅಂಗಡೀನೇ. ಸೊಸೆ ಬೇರೆ ಹೆಸರಿಟ್ಟಿದ್ದಾಳೆ. ಆ ಪೊಟ್ಟಣ ನಾನು ಹಾಕಿದ ಕೊಸರು."

ಗಡಿಯಾರದಣ್ಣ ನಕ್ಕರು. ಆಮೇಲೆ ನಗು ನಿಂತಿತು. "ನಿನ್ನ ಕಡಲೆ ಆಗಿದ್ರೆ ವಾಸನೆಗೇ ಗೊತ್ತಾಗ್ತಿತ್ತು ನನಗೆ. ಇರ್ಲಿ. ದೂರು ಕೊಟ್ಟಿದ್ದು ನಾನು ಅಂತ ನಿನಗೆ ಯಾರು ಹೇಳಿದ್ರು?"

"ಫೋಟೋ ನೋಡಿದೆ. ನಿಮ್ಮ ಹೆಬ್ಬೆರಳು."

"ಕಂಪನಿಗೆ ಮಾತ್ರ ಕಳಿಸಿದ ಫೋಟೋ ನಿನ್ನ ಕೈಗೆ ಹೇಗೆ ಬಂತು?"

ಅಕ್ಕ ವಿವರಿಸಿದಳು. ವಿವರಿಸಿದಷ್ಟೂ ಅವರ ಮುಖ ಬಿಗಿಯುತ್ತ ಹೋಯಿತು. ಅವಳನ್ನು ನಂಬಿದರೆ, ಅವಳ ಕೊಸರನ್ನು ತಾವೇ ಕೈಯಾರೆ ಕಸಕ್ಕೆ ಎಸೆದೆವೆಂದು ಒಪ್ಪಬೇಕಾಗುತ್ತಿತ್ತು. ಅದಕ್ಕಿಂತ ಅವಳು ಸುಳ್ಳು ಹೇಳುತ್ತಿದ್ದಾಳೆಂದುಕೊಳ್ಳುವುದು ಅವರಿಗೆ ಸಲೀಸಾಗಿತ್ತು.

"ಆ ಫೋನಿನ ಅಂಗಡಿಯವರೇ ಕಳಿಸಿದ್ರು ತಾನೆ ನಿನ್ನ? ಗುರುತಿನವಳು ಹೋದ್ರೆ ಮುದುಕ ಕರಗ್ತಾನೆ ಅಂತ. ಎಷ್ಟು ಕೊಡ್ತೀನಿ ಅಂದ್ರು?"

ಜೀವಮಾನವೆಲ್ಲ ಕಂಡವರನ್ನೆಲ್ಲ ಅನುಮಾನಿಸಿದ ಹೆಂಗಸು ಅವಳು. ತನ್ನ ಮೇಲೆ ಯಾರಾದರೂ ಅನುಮಾನಪಟ್ಟಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣು ತುಂಬಿತು. ಅದನ್ನೂ ಅವರು ನಾಟಕವೆಂದುಕೊಂಡಾರೋ ಎಂದು ಸೆರಗಿನಿಂದ ಒರೆಸಿಕೊಳ್ಳಲೂ ಹೆದರಿದಳು.

ಗಡಿಯಾರದಣ್ಣ ಫೋನು ತೆಗೆದುಕೊಂಡು, ಕನ್ನಡಕ ಏರಿಸಿ, ನಿಧಾನವಾಗಿ ಒತ್ತಿದರು.

"ತಗೋ, ದೂರು ವಾಪಸ್ ತಗೊಂಡಿದ್ದೀನಿ. ನಿನಗೆ ಕಷ್ಟ ಇದ್ದಿರಬೇಕು, ಇಲ್ಲದಿದ್ರೆ ಬರ್ತಿರ್ಲಿಲ್ಲ. ಆದ್ರೆ ನನ್ನ ಹತ್ರ ನೀನು ಸುಳ್ಳು ಹೇಳ್ಬಾರದಿತ್ತು, ತಾಯಿ."

ಅವಳು ಅಂಗಡಿ ಮುಟ್ಟುವಷ್ಟರಲ್ಲಿ ಫೋನಿನಲ್ಲಿ ಆರ್ಡರು ಬರತೊಡಗಿದ್ದವು. ಸೊಸೆ ಬಾಣಲೆಯ ಮುಂದಿನಿಂದ ಎದ್ದು ಬಂದಳು.

"ಏನಂದ್ರು ಅತ್ತೆ? ನೀವು ಹೇಳಿದ್ದನ್ನ ನಂಬಿದ್ರಾ?"

"ನಂಬಿದ್ರು," ಎಂದಳು ಅಕ್ಕ.