ಏಳನೇ ಹಲಗೆ

ಕೋಳಿಗಳು ಗೂಡಿಗೆ ಹೋಗಲು ಒಲ್ಲೆ ಅಂದಾಗಲೇ ಅವಳಿಗೆ ಗೊತ್ತಾಗಬೇಕಿತ್ತು. ಹೊತ್ತು ಇಳಿಯುತ್ತಿದ್ದಂತೆ ತಾವಾಗಿ ಒಳಸೇರುತ್ತಿದ್ದವು, ಈಗ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಮುದುಡಿ ಕೂರತೊಡಗಿದ್ದವು. ಜುಟ್ಟು ಬಿಳಿಚಿಕೊಂಡಿತ್ತು.

ಒಂದೊಂದನ್ನೇ ಮಡಿಲಲ್ಲಿ ಮಗುಚಿ ಪುಕ್ಕ ಬಿಡಿಸಿ ನೋಡಿದಳು. ಬಾಲದ ಬುಡದಲ್ಲಿ ಹೇನು ಹರಿದಾಡುತ್ತಿತ್ತು, ಗರಿಯ ಬೇರಿಗೆ ಸೀರು ಸಕ್ಕರೆಯಂತೆ ಅಂಟಿತ್ತು. ದನದಾಸ್ಪತ್ರೆಯ ಕಾಂಪೌಂಡರ್ ಕೊಟ್ಟ ಪುಡಿಯನ್ನು ರೆಕ್ಕೆಯಡಿ ಉಜ್ಜಿದಳು, ಹತ್ತು ದಿನ ಬಿಟ್ಟು ಇನ್ನೊಮ್ಮೆ ಉಜ್ಜಿದಳು. ಹೇನು ಹೋಯಿತು. ಆದರೂ ಕಾವಿಗೆ ಕೂತಿದ್ದ ಚುಕ್ಕಿ ಕೋಳಿ ಒಂದು ಬೆಳಿಗ್ಗೆ ಗೂಡಿನೊಳಗೆ ಮೊಟ್ಟೆಯ ಮೇಲೇ ಸತ್ತಿತ್ತು. ಎತ್ತಿದರೆ ಹತ್ತಿಯಷ್ಟು ಹಗುರ.

"ಗೂಡಿಗೆ ಏನು ಹಾಕಿದ್ರಿ?" ಅಂದ ಕಾಂಪೌಂಡರ್.

"ಗೂಡಿಗೆ ಯಾಕೆ? ಕಾಯಿಲೆ ಕೋಳಿಗಲ್ವಾ?"

"ಅಯ್ಯೋ ಅಕ್ಕಾ, ಹೇನಿಗೆ ಕೋಳಿನೇ ಮನೆ. ಇದು ನುಸಿ ಕಾಟ, ನುಸಿ ಹಂಗಲ್ಲ. ಅದು ಹಗಲೆಲ್ಲ ಮರದ ಸಂದಿಲಿ ಮಲಗಿರುತ್ತೆ, ಕತ್ತಲಾದ್ಮೇಲೆ ಬಂದು ರಕ್ತ ಕುಡಿಯುತ್ತೆ. ಕೋಳಿ ಅದಕ್ಕೆ ಬರೀ ಹೋಟ್ಲು!"

ನಗಿಸಲು ಅಂದದ್ದು. ಅವಳಿಗೆ ನಗು ಬರಲಿಲ್ಲ.

ಪ್ರೆಸ್ಸಿನಲ್ಲಿ ಅವಳನ್ನು ಬೈಂಡಿಂಗ್ ಅಕ್ಕ ಅನ್ನುತ್ತಾರೆ. ಅಚ್ಚಾದ ಹಾಳೆ ಮಡಿಸಿ, ಅಂಕಿ ನೋಡಿ ಜೋಡಿಸಿ, ಹೊಲಿದು ಇಪ್ಪತ್ತೆರಡು ವರ್ಷ. ಪುಟ ತಪ್ಪಿದ ಒಂದು ಪುಸ್ತಕವೂ ಅವಳ ಕೈ ದಾಟಿ ಹೋಗಿಲ್ಲ. ಗಂಡ ಬಡಗಿ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನ ಮನೆಯ ಅಡುಗೆಕೋಣೆಗೆ ಹಳೇ ಸೀರೆಯ ಪರದೆ. "ನಾಳೆ ಮಾಡ್ತೀನಿ ಕಣೇ" ಅಂದ ನಾಳೆಗಳೆಲ್ಲ ಕಳೆದು, ಹೋದ ವರ್ಷ ಯಾರದೋ ಅಟ್ಟ ಕಟ್ಟುವಾಗ ಏಣಿಯಿಂದ ಬಿದ್ದು ತೀರಿಹೋದ. ಅವಳಿಗೆಂದು ಮಾಡಿಕೊಟ್ಟದ್ದು ಈ ಗೂಡೊಂದೇ. ಒಂದು ಮೊಳೆಯಿಲ್ಲ. ಹಲಗೆಯ ತುದಿ ಹಲಗೆಯೊಳಗೆ ಕೂತು, ಬೆಣೆ ಬಿಗಿದು ನಿಂತದ್ದು. "ಮೊಳೆ ಹೊಡೆಯೋದು ಅಂದ್ರೆ ಮರಕ್ಕೆ ಬೈದ ಹಂಗೆ" ಅನ್ನುತ್ತಿದ್ದ.

ಮನೆಗೆ ಬಂದು ಬೈಂಡಿಂಗಿನ ಕಾಗದದ ಪಟ್ಟಿಯೊಂದನ್ನು ಸಂದಿಯೊಳಗೆ ತೂರಿಸಿ ಎಳೆದಳು. ಕೆಂಪಾಗಿ ಬಂತು. ಇನ್ನೊಂದು ಸಂದಿ, ಅದೂ ಕೆಂಪು. ಅವನು ಅಷ್ಟು ಆಸೆಯಿಂದ ಕೊರೆದ ಸಂದಿಗಳೆಲ್ಲ ನುಸಿಗೆ ಮನೆಯಾಗಿದ್ದವು.

ನೋಡಲು ಬಂದ ನಾದಿನಿ ಮೂಗು ಮುಚ್ಚಿಕೊಂಡಳು. "ಸುಟ್ಟು ಹಾಕಿ ಅತ್ತಿಗೆ. ಮೂರು ಕೋಳಿಯಾದ್ರೂ ಉಳೀತಾವೆ."

"ನಿಮ್ಮಣ್ಣ ಮಾಡಿದ್ದು."

"ಅಣ್ಣನೇ ಇಲ್ಲ, ಇನ್ನು ಅವನ..." ಅಂದವಳು ಅಲ್ಲಿಗೇ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಸುಡುವುದಿಲ್ಲ, ಬಿಚ್ಚಿ ತೊಳೆಯುತ್ತೇನೆ ಅಂದುಕೊಂಡಳು. ಭಾನುವಾರ ಕೋಳಿಗಳನ್ನು ಪ್ರೆಸ್ಸಿನಿಂದ ತಂದ ರಟ್ಟಿನ ಡಬ್ಬಕ್ಕೆ ಸೇರಿಸಿ, ಬೆಣೆ ತಟ್ಟಿ ತೆಗೆದಳು. ಗೂಡು ಒಂದು ಮಾತೂ ಆಡದೆ ಹದಿನಾಲ್ಕು ಹಲಗೆಯಾಗಿ ಬಿಡಿಸಿಕೊಂಡಿತು. ಹಂಡೆಯಲ್ಲಿ ಸೋಪಿನ ನೀರು ಕುದಿಸಿ, ಸುರಿದು, ಬೂದುಬಣ್ಣದ ಕೊಳೆ ಹೋಗುವವರೆಗೆ ಬ್ರಷ್ಷಿನಿಂದ ತಿಕ್ಕಿದಳು. ಬೆನ್ನು ಬಿದ್ದುಹೋಯಿತು, ಬಿಡಲಿಲ್ಲ.

ಕೊನೆಯ ಹಲಗೆಗೆ ಬಂದಾಗ ಸೋಪು ಮುಗಿದಿತ್ತು. ತುದಿಯ ಕೊಳೆಯನ್ನು ಬೆರಳಲ್ಲಿ ಒರೆಸಿದಳು. ಅದರಡಿ ಪೆನ್ಸಿಲ್ ಗೀಟು. ಏಳು.

ಬಾಲ ಉದ್ದ ಎಳೆದ, ಅವನದೇ ಏಳು. ಯಾವ ಹಲಗೆ ಯಾವುದರ ಪಕ್ಕ ಅಂತ ತುದಿತುದಿಗೂ ಬರೆದಿಟ್ಟಿದ್ದ. ಮಿಕ್ಕ ಹದಿಮೂರನ್ನೂ ಅವಳು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದಳು. ದಿನವಿಡೀ ಅಂಕಿ ನೋಡಿ ಬದುಕುವವಳು, ಮನೆಯಲ್ಲಿ ನೋಡದೆಹೋದಳು. ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟಳು.

ಆ ಒಂದು ಅಂಕಿ ಉಳಿಯಲಿ ಅಂತ ಅದರ ಸುತ್ತ ಬಟ್ಟೆಯಿಂದ ಮೆಲ್ಲಗೆ ಒರೆಸಿದಳು, ದೃಷ್ಟಿ ತಾಗೀತೇನೋ ಅನ್ನುವ ಹಾಗೆ. ಸಂಜೆ ಅಲ್ಲೇ ಬಿರುಕಿಗೆ ಕಾಗದ ತೂರಿಸಿ ನೋಡಿದಳು. ಕೆಂಪು.

ಡಬ್ಬದೊಳಗೆ ಒಂದು ಕೋಳಿ ಕುಕ್ ಅಂದಿತು. ಅವಳು ಎದ್ದು ಹಂಡೆಗೆ ಮತ್ತೆ ನೀರಿಟ್ಟಳು. ಕುದಿ ಬಂದಮೇಲೆ ಬೇರೆ ಕಡೆ ನೋಡುತ್ತಾ ಆ ಏಳರ ಮೇಲೇ ಸುರಿದಳು. ಆಮೇಲೆ ಬ್ರಷ್ಷು ತೆಗೆದುಕೊಂಡಳು.

ಕೋಳಿಗಳ ಜುಟ್ಟಿಗೆ ನಿಧಾನಕ್ಕೆ ಬಣ್ಣ ಬಂತು. ರಟ್ಟಿನ ಡಬ್ಬ ಹಳತಾದಾಗಲೆಲ್ಲ ಸುಟ್ಟು ಹೊಸದು ತರುತ್ತಾಳೆ. ಹಲಗೆಗಳನ್ನು ಎಷ್ಟೋ ಸಲ ಸೇರಿಸಿ ನೋಡಿದಳು, ಒಂದು ಕೂತರೆ ಇನ್ನೊಂದು ಒಲ್ಲೆ ಅನ್ನುತ್ತದೆ.

ಎರಡು ತಿಂಗಳಾದಮೇಲೆ, ರಣಬಿಸಿಲಲ್ಲಿ ಬಂದ ನಾದಿನಿ ಗೋಡೆಗೆ ಒರಗಿಸಿಟ್ಟ ಹದಿನಾಲ್ಕು ಹಲಗೆ ನೋಡಿದಳು. "ಏನತ್ತಿಗೆ, ಇನ್ನೂ ಜೋಡಿಸಿಲ್ವಾ?"

"ಒಣಗಲಿ ಅಂತ ಇಟ್ಟಿದೀನಿ" ಅಂದಳು.

ನಾದಿನಿ ಒಂದು ಹಲಗೆ ಮುಟ್ಟಿ ನೋಡಿದಳು. ಕೈ ಸುಡುವಷ್ಟು ಕಾದಿತ್ತು.

"ಹೌದು, ಇನ್ನೂ ಹಸಿ ಇದೆ" ಅಂದಳು.