ಒಂದು ಸಿಡಿಗಾಗಿ ಹಾಕಿದ ಆಣೆ

ನನಗೆ ಮರೆವು ಜಾಸ್ತಿ. ಬಸ್ಸಿನಲ್ಲಿ ಕೊಡೆ ಬಿಟ್ಟು ಬರುತ್ತೇನೆ, ಅಂಗಡಿಗೆ ಹೋಗಿ ಏನು ತರಲು ಹೇಳಿದ್ದರು ಎಂದು ಮನೆಗೆ ಫೋನು ಮಾಡುತ್ತೇನೆ. ಆದರೆ ನನ್ನ ಕಿವಿಯಿಂದ ಹೆಡ್‌ಫೋನ್ ಕಿತ್ತ ಆ ಕೈಯನ್ನು ಇವತ್ತಿನವರೆಗೂ ಮರೆತಿಲ್ಲ. ಬೆರಳಿನಲ್ಲಿ ದೊಡ್ಡ ಹರಳಿನ ಉಂಗುರವಿತ್ತು. ಅದು ಕಿವಿಗೆ ತಾಗಿ ಗೀರಿತ್ತು. ಗಾಯ ವಾರದಲ್ಲಿ ಮಾಸಿತು, ಸಿಟ್ಟು ಮಾಸಲಿಲ್ಲ. ಮಾಸುವುದು ನನಗೆ ಬೇಕೂ ಇರಲಿಲ್ಲ.

ಆ ಕೈ ನನ್ನ ಧನಿಗಳದ್ದು. ಬೆಳ್ತಂಗಡಿಯಲ್ಲಿ ಅವರದೊಂದು ಸೌಂಡ್ಸ್ ಅಂಗಡಿ ಇತ್ತು. ಮದುವೆ, ಮೆಹಂದಿ, ಕಾಲೇಜ್ ಡೇ, ಎಲ್ಲದಕ್ಕೂ ಅವರ ಪೆಟ್ಟಿಗೆಗಳೇ ಹೋಗುತ್ತಿದ್ದವು. ಅಲ್ಲಿ ಆರು ವರ್ಷ ನಾನು ಹಾಡು ಹಾಕುವ ಕೆಲಸ ಮಾಡಿದೆ. ಕ್ಯಾಸೆಟ್ ಹೋಗಿ ಸಿಡಿ ಬಂದು, ಸಿಡಿಯ ಪಕ್ಕದಲ್ಲಿ ಕಂಪ್ಯೂಟರ್ ಬಂದು ಕೂತ ಕಾಲ ಅದು. ದುಬೈಯಲ್ಲಿದ್ದ ಧನಿಗಳ ಭಾವ ಒಂದು ಸಲ ರಜೆಗೆ ಬರುವಾಗ ದೊಡ್ಡ ಪೆಟ್ಟಿಗೆ ತಂದರು. ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್, ಎರಡು ಸಿಡಿ ಪ್ಲೇಯರ್, ಇವನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಸಣ್ಣ ಡಬ್ಬಿ, ಅದರ ಸಾಫ್ಟ್‌ವೇರ್, ಜೊತೆಗೆ ಎರಡು ರೆಕಾರ್ಡು, ಎರಡು ಸಿಡಿ. ಜಿಲ್ಲೆಯಲ್ಲಿ ಇಂಥದ್ದು ಬೇರೆ ಯಾರ ಹತ್ತಿರವೂ ಇಲ್ಲ ಎಂದು ಧನಿಗಳು ಕಂಡಕಂಡವರಿಗೆಲ್ಲ ಹೇಳಿದರು. ಗಲ್ಫಿನಿಂದ ಬಂದ ಸಾಮಾನಿನ ಪ್ಲಾಸ್ಟಿಕ್ ತೆಗೆಯುವ ಕ್ರಮ ನಮ್ಮಲ್ಲಿಲ್ಲ. ಹಾಗಾಗಿ ಟರ್ನ್‌ಟೇಬಲಿನ ಗುಂಡಿಗಳನ್ನು ನಾನು ಒಂದು ತಿಂಗಳು ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಒತ್ತಿದೆ.

ಆ ರೆಕಾರ್ಡಿನಲ್ಲಾಗಲಿ ಸಿಡಿಯಲ್ಲಾಗಲಿ ಒಂದೇ ಒಂದು ಹಾಡಿಲ್ಲ. ಹಾಕಿದರೆ ಸುಮ್ಮನೆ ಸೀಟಿ ಹೊಡೆದ ಹಾಗೆ ಒಂದೇ ಸ್ವರ ಕೇಳುತ್ತದೆ. ಹಾಡುಗಳಿರುವುದು ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪು ಆ ಸೀಟಿಯನ್ನು ಕೇಳಿಸಿಕೊಂಡು, ತಟ್ಟೆ ಎಷ್ಟು ವೇಗದಲ್ಲಿ, ಯಾವ ಕಡೆಗೆ ತಿರುಗುತ್ತಿದೆ ಎಂದು ಲೆಕ್ಕ ಹಾಕಿ, ಹಾಡನ್ನು ಹಾಗೆಯೇ ಓಡಿಸುತ್ತದೆ. ಕಲಿಸುವವರು ಯಾರೂ ಇರಲಿಲ್ಲ. ತಪ್ಪು ಮಾಡಿ ಮಾಡಿಯೇ ಕಲಿತೆ. ಎಡ ಬಲದ ವಯರು ಅದಲು ಬದಲಾದರೆ ಹಾಡು ಹಿಂದಕ್ಕೆ ಓಡುತ್ತದೆ. ಟರ್ನ್‌ಟೇಬಲಿನ ಅರ್ತ್ ವಯರು ಕಟ್ಟದಿದ್ದರೆ ಗುಂಯ್ ಎನ್ನುತ್ತದೆ. ಹಲಗೆಯ ಸ್ಟೇಜಿನಲ್ಲಿ ನಾಲ್ಕು ಜನ ಕುಣಿದರೆ ರೆಕಾರ್ಡಿನ ಮೇಲಿನ ಮುಳ್ಳು ಹಾರುತ್ತದೆ, ಮುಳ್ಳಿನ ಜೊತೆ ಹಾಡೂ ಹಾರುತ್ತದೆ. ಹಾಗಾಗಿ ಮದುವೆಗಳಲ್ಲಿ ಟರ್ನ್‌ಟೇಬಲು ವಯರು ಜೋಡಿಸದೆ ನೋಡುವವರಿಗೆ ಮಾತ್ರ ತಿರುಗುತ್ತಿತ್ತು, ನಿಜವಾದ ಕೆಲಸ ಸಿಡಿ ಪ್ಲೇಯರಿನಲ್ಲಿ. ಇದನ್ನೆಲ್ಲ ಮೂರೇ ತಿಂಗಳಲ್ಲಿ ಪಳಗಿಸಿದೆ ಎಂಬ ಅಹಂಕಾರ ನನಗಿತ್ತು. ಇರಬಾರದೇನು?

ಮೂಡುಬಿದಿರೆಯಲ್ಲಿ ಒಂದು ಕ್ರಿಶ್ಚಿಯನ್ ಮದುವೆ. ಇಗರ್ಜಿಯಲ್ಲಿ ಮದುವೆ ಮುಗಿಸಿ ವಧೂವರರು ಹಾಲ್‌ನ ಬಾಗಿಲಿಗೆ ಬಂದಿದ್ದರು. ಐನೂರು ಜನ ಎದ್ದು ನಿಂತಿದ್ದರು. ನಾನು ಹಾಡು ಬಿಟ್ಟೆ. ನಾಲ್ಕು ತಾಳ ಸರಿಯಾಗಿ ಬಂತು. ಮತ್ತೆ ಹಾಡು ಬಾವಿಯೊಳಗಿಂದ ಯಾರೋ ಮಾತಾಡಿದ ಹಾಗೆ ಎಳೆಯತೊಡಗಿತು, ನಿಂತಿತು, ಹಿಂದಕ್ಕೆ ಓಡಿತು. ಮದುಮಗಳು ಎತ್ತಿದ ಹೆಜ್ಜೆ ಇಡದೆ ನಿಂತಳು. ಸೀಟಿ ಸರಿ ಇದ್ದರೆ ಲ್ಯಾಪ್‌ಟಾಪಿನ ಪರದೆಯಲ್ಲಿ ಚಂದದ ಒಂದು ವೃತ್ತ ಕಾಣುತ್ತದೆ. ಆವತ್ತು ಅಲ್ಲಿ ಕಾಗೆಯ ಗೂಡಿನಂಥದ್ದೇನೋ ಕಾಣುತ್ತಿತ್ತು. ವಯರು ಕಿತ್ತು ಹಾಕಿದೆ, ಪ್ಲೇಯರು ಬದಲಿಸಿದೆ, ಡಬ್ಬಿಯ ಹಿಂದಿನ ಸ್ವಿಚ್ಚು ನೋಡಿದೆ. ಏನೂ ಆಗಲಿಲ್ಲ. ಸಿಡಿಯ ಹಂಗಿಲ್ಲದೆ ಲ್ಯಾಪ್‌ಟಾಪಿನಿಂದಲೇ ಹಾಡು ಓಡಿಸುವ ಗುಂಡಿಯೊಂದು ಆ ಸಾಫ್ಟ್‌ವೇರಿನಲ್ಲೇ ಇದೆ ಎಂಬುದು ಆವತ್ತು ನನಗೆ ಗೊತ್ತಿರಲಿಲ್ಲ.

ಧನಿಗಳು ಸ್ಟೇಜಿಗೆ ಹತ್ತಿ ಬಂದು ಹೆಡ್‌ಫೋನ್ ಕಿತ್ತದ್ದು ಆಗಲೇ. ಮೈಕು ಆನ್ ಇತ್ತು. "ಇಳಿ ಕೆಳಗೆ. ಯಾರು ಹೇಳಿಕೊಟ್ಟು ಇದನ್ನು ಮಾಡಿದ್ದು ಅಂತ ನನಗೆ ಗೊತ್ತುಂಟು" ಎಂದರು. ಹಾಲ್ ತುಂಬ ಕೇಳಿತು.

ಅವರು ಹಾಗೆ ಹೇಳಲಿಕ್ಕೆ ಕಾರಣ, ಅದಕ್ಕೆ ವಾರ ಮೊದಲು ಬಂಟ್ವಾಳದ ಇನ್ನೊಂದು ಸೌಂಡ್ಸ್‌ನವರು ನನ್ನನ್ನು ಕೆಲಸಕ್ಕೆ ಕರೆದಿದ್ದರು. ನಾನು ಬರುವುದಿಲ್ಲ ಎಂದಿದ್ದೆ. ಕರೆದದ್ದು ಧನಿಗಳ ಕಿವಿಗೆ ಬಿದ್ದಿತ್ತು, ಬರುವುದಿಲ್ಲ ಎಂದದ್ದು ಬಿದ್ದಿರಲಿಲ್ಲ. ಬೇಕೆಂದೇ ಹಾಳು ಮಾಡಿದ ಎಂದು ಊರಿಡೀ ಹೇಳಿಕೊಂಡು ಬಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಇಲ್ಲ ಎಂದೆ. "ಹಾಗಾದರೆ ದೈವದ ಎದುರು ಹೇಳು" ಎಂದರು.

ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಪೊಲೀಸ್ ಸ್ಟೇಷನ್‌ಗೆ ಬಾ ಎಂದರೆ ಹೆದರದವರು ಗುಡಿಗೆ ಬಾ ಎಂದರೆ ಹೆದರುತ್ತಾರೆ. ಸುಳ್ಳು ಆಣೆ ಹಾಕಿದರೆ ಹಾಕಿದವನ ಮನೆಯವರನ್ನೂ ಅದು ಬಿಡುವುದಿಲ್ಲ ಎಂಬ ನಂಬಿಕೆ. ಆಣೆಯಾದ ಮೇಲೆ ಎರಡು ಮನೆಯವರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕೂಡ ಕುಡಿಯಬಾರದು. ನನ್ನದೇನೂ ತಪ್ಪಿಲ್ಲವಲ್ಲ, ನಾನು ಎದೆ ಸೆಟೆಸಿಕೊಂಡೇ ಹೋದೆ. ಗಂಧಪ್ರಸಾದ ಕೈಯಲ್ಲಿ ಹಿಡಿದು, ನಾನು ಆ ಮಿಷನ್ನಿಗೆ ಏನೂ ಮಾಡಿಲ್ಲ ಎಂದು ಹೇಳಿದೆ. ಹಿಂದೆ ನಿಂತಿದ್ದ ಅಮ್ಮ ಸೆರಗಿನ ಗಂಟು ಬಿಚ್ಚಿ ಕಾಣಿಕೆ ಹಾಕಿದರು.

ಅಲ್ಲಿಂದ ಶುರುವಾಯಿತು. ದನ ತೋಡಿಗೆ ಬಿದ್ದು ಸತ್ತಾಗ ಅಮ್ಮ ನನ್ನ ಮುಖ ನೋಡಿದರು. ಅಕ್ಕನ ಬಸಿರು ನಿಲ್ಲದಿದ್ದಾಗ ಅಡುಗೆಮನೆಗೆ ಕರೆದು ಕೇಳಿದರು, "ಮಗಾ, ಆವತ್ತು ಕೈತಪ್ಪಿಯಾದರೂ ಏನಾದರೂ ಮಾಡಿದ್ದೀಯಾ? ಇದ್ದರೆ ಹೇಳು, ತಪ್ಪುಕಾಣಿಕೆ ಇಡುವ." ನಾನು ರೇಗಿದೆ. ಹೆತ್ತ ತಾಯಿಗೇ ನನ್ನ ಮೇಲೆ ನಂಬಿಕೆ ಇಲ್ಲ ಎಂದರೆ ಎಲ್ಲಿಗೆ ಹೋಗುವುದು? ಆ ಧನಿಗಳನ್ನು ಒಂದು ದಿನ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಕೆಲಸ ಸಿಕ್ಕಿದ್ದು ಉಜಿರೆಯಲ್ಲಿ, ಕಾಲೇಜು ಮಕ್ಕಳಿಗೆ ಸಿಡಿ ರೈಟ್ ಮಾಡಿಕೊಡುವ ಒಂದು ಅಂಗಡಿಯಲ್ಲಿ. ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಕಂಪ್ಯೂಟರಿನ ಹಳೆ ಫೈಲುಗಳನ್ನು ಅಳಿಸುತ್ತಾ ಕೂತಿದ್ದೆ. ಹೆಸರಿಲ್ಲದ ಒಂದು ಎಂಪಿಥ್ರಿ ಸಿಕ್ಕಿತು. ಹಾಕಿದೆ. ಅದೇ ಸೀಟಿ.

"ಅದು ಬೆಳ್ತಂಗಡಿ ಸೌಂಡ್ಸ್‌ನವರದ್ದು" ಎಂದರು ಅಂಗಡಿಯವರು. "ಒರಿಜಿನಲ್ ಹಾಳಾಗಬಾರ್ದು, ಕಾಪಿ ಮಾಡಿ ಕೊಡಿ ಅಂದ್ರು. ಆಡಿಯೋ ಸಿಡಿ ಮಾಡ್ತೇನೆ ಅಂದೆ. ಬೇಡ, ಎಂಪಿಥ್ರಿಯೇ ಸಾಕು, ಮಿಕ್ಕ ಜಾಗದಲ್ಲಿ ನೂರು ಹಾಡು ತುಂಬ್ಸಿ ಅಂದ್ರು. ಮೇಲಿನ ಲೇಬಲ್ಲನ್ನೂ ಕಲರ್ ಜೆರಾಕ್ಸ್ ಮಾಡ್ಸಿ ಅಂಟಿಸಿಕೊಂಡು ಹೋದ್ರು ಮಾರಾಯ."

ಫೈಲಿನ ತಾರೀಕು ನೋಡಿದೆ. ಮೂಡುಬಿದಿರೆಯ ಮದುವೆಯ ಹಿಂದಿನ ದಿನ.

ಎಲ್ಲ ತಿಳಿಯಿತು. ಎಂಪಿಥ್ರಿ ಮಾಡುವಾಗ ಕಂಪ್ಯೂಟರು ಮನುಷ್ಯರ ಕಿವಿಗೆ ಬೇಡವಾದದ್ದನ್ನೆಲ್ಲ ಕತ್ತರಿಸಿ ಬಿಸಾಡುತ್ತದೆ. ಆದರೆ ಆ ಸಾಫ್ಟ್‌ವೇರಿಗೆ ಬೇಕಾದದ್ದು ಅದೇ. ಎಡ ಬಲದ ಸೀಟಿಯ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸ ಹೋದರೆ ತಟ್ಟೆ ಯಾವ ಕಡೆಗೆ ತಿರುಗುತ್ತದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ದುಬೈಯ ಒರಿಜಿನಲನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟು, ಕಾಪಿಯನ್ನು ನನ್ನ ಕೈಗೆ ಕೊಟ್ಟು, ಹಾಳು ಮಾಡಿದವ ಎಂದು ಕರೆದದ್ದು ನನ್ನನ್ನು.

ಆಗಲೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಅಂಗಡಿಯ ಮೂಲೆಯಲ್ಲಿ ಹೇಳಿದರೆ "ಓ ಹೌದಾ" ಎಂದು ನಕ್ಕು ಬಿಡುತ್ತಾರೆ, ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಅವರ ಕಾಲ ಕೆಳಗಿನ ನೆಲ ಬಿಸಿಯಾಗಿರುವ ಹೊತ್ತಿಗೇ ಹೇಳಬೇಕು. ಸಿಡಿ ಇಲ್ಲದೆ ಹಾಡು ಓಡಿಸುವ ಆ ಗುಂಡಿಯ ವಿಷಯವನ್ನೂ ಕಲಿತುಕೊಂಡು ಕಾದೆ. ಎರಡು ವರ್ಷ ಕಾದೆ. ಕಾಯುವುದು ಕಷ್ಟ ಎನ್ನುವವರಿಗೆ ಸರಿಯಾದ ಹಗೆ ಇಲ್ಲ ಎಂದೇ ಅರ್ಥ.

ಧನಿಗಳ ಮಗಳ ಮದುವೆ ಬಂತು. ಮೂಡುಬಿದಿರೆಯ ಅವಮಾನದ ನಂತರ ಅವರು ಆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದರು. ಈಗ ದುಬೈಯಿಂದ ಭಾವ ಬರುತ್ತಾರೆ. ತಾನು ಕೊಟ್ಟದ್ದು ಎಲ್ಲಿ ಎಂದು ಕೇಳುತ್ತಾರೆ. ಮದುವೆ ಹಾಲ್‌ನಲ್ಲಿ ಅದನ್ನು ಜೋಡಿಸಿದರು, ಅದೇ ಕಾಪಿ ಸಿಡಿ ಹಾಕಿದರು, ಅದು ಅದೇ ರೀತಿ ನರಳಿತು. ಬೆಳಿಗ್ಗೆ ಒಂಬತ್ತಕ್ಕೆ ನನಗೆ ಫೋನು.

"ಒಮ್ಮೆ ಬಂದು ಹೋಗು ಮಾರಾಯ. ಹಳತೆಲ್ಲ ಮನಸ್ಸಲ್ಲಿ ಇಟ್ಕೊಳ್ಬೇಡ."

ಹೋದೆ. ಆ ದಿನಕ್ಕೆ ಮದುವೆ ಹಾಲ್ ಕೂಡ ಅವರ ಮನೆಯೇ ಅಲ್ಲವೇ, ಅಲ್ಲಿನ ನೀರೂ ಮುಟ್ಟಲಿಲ್ಲ. ಧನಿಗಳು ರೇಷ್ಮೆ ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿಕೊಂಡು ಬೆವರುತ್ತಿದ್ದರು. ಭಾವ ಎದುರಿನ ಸಾಲಿನಲ್ಲೇ ಕೂತಿದ್ದರು. ಪರದೆಯಲ್ಲಿ ಕಾಗೆಯ ಗೂಡು ನೋಡಿ ನನಗೆ ಹಬ್ಬವಾಯಿತು.

"ತಪ್ಪು ಎಲ್ಲಿ ಉಂಟು ಅಂತ ಗೊತ್ತುಂಟು" ಎಂದೆ. "ಆದರೆ ಇಲ್ಲಿ ಹೇಳುವುದಿಲ್ಲ. ನನ್ನ ಅಮ್ಮನ ಎದುರು ಹೇಳ್ತೇನೆ. ನೀವು ಬರಬೇಕು."

"ಈಗವಾ? ಧಾರೆಗೆ ಎರಡು ಗಂಟೆ ಕೂಡ ಇಲ್ಲ."

"ಹತ್ತು ನಿಮಿಷದ ದಾರಿ. ನಿಮಗೆ ಗೊತ್ತಿಲ್ಲದ ಮನೆಯಾ?"

ಅವರು ಒಮ್ಮೆ ಭಾವನ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ನನ್ನ ಬೈಕಿನ ಹಿಂದೆ ಕೂತರು. ಹೆಣ್ಣಿನ ಅಪ್ಪ ಧಾರೆಗೆ ಮೊದಲು ಬೈಕು ಹತ್ತಿ ಹೋಗುವುದನ್ನು ಗೇಟಿನಲ್ಲಿ ಗಂಡಿನ ಕಡೆಯವರೆಲ್ಲ ಬಾಯಿ ಬಿಟ್ಟು ನೋಡಿದರು. ನಾನು ಬೇಕೆಂದೇ ಪೇಟೆಯ ನಡುವಿನಿಂದ, ನಿಧಾನವಾಗಿ ಹೋದೆ.

ಅಮ್ಮ ಅಂಗಳದಲ್ಲಿ ಕಟ್ಟಿಗೆ ಒಣಗಿಸುತ್ತಿದ್ದರು. ಧನಿಗಳನ್ನು ಕಂಡು ಕಟ್ಟಿಗೆ ಕೈಯಲ್ಲೇ ಉಳಿಯಿತು. ನಾನು ಎಲ್ಲ ಹೇಳಿದೆ. ಎಂಪಿಥ್ರಿ, ಜೆರಾಕ್ಸ್ ಲೇಬಲ್ಲು, ತಾರೀಕು, ಒಂದನ್ನೂ ಬಿಡಲಿಲ್ಲ. ಒಂದೊಂದು ಮಾತಿಗೂ ಧನಿಗಳ ಮುಖ ಇಳಿಯುವುದನ್ನು ನೋಡುತ್ತಾ ಹೇಳಿದೆ. ಅವರು ತುಳಸಿಕಟ್ಟೆಗೆ ಕೈ ಊರಿ ನಿಂತರು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ ಎಂದು ಆಗ ಅನಿಸಿತು. ಅನಿಸಿದರೂ ನನಗೆ ಕರುಣೆ ಬರಲಿಲ್ಲ.

"ಅಕ್ಕ, ನನ್ನದೇ ತಪ್ಪು" ಎಂದು ಅಮ್ಮನಿಗೆ ಹೇಳಿದರು. "ನಿಮ್ಮ ಮಗ ಏನೂ ಮಾಡಿಲ್ಲ. ಇವತ್ತು ಇವ ಹೇಳುವವರೆಗೆ ನನಗೆ ಇದು ಗೊತ್ತಿರ್ಲಿಲ್ಲ. ಕ್ಷಮಿಸಬೇಕು." ಕೈ ಮುಗಿದರು. ಅದೇ ಉಂಗುರದ ಕೈ.

ಮೂರು ವರ್ಷ ಇದಕ್ಕೇ ಕಾದದ್ದು. ಅಮ್ಮ ಒಳಗೆ ಹೋಗಿ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಧನಿಗಳ ಮುಂದಿಟ್ಟರು. "ಕುಡಿಯಿರಿ. ಗುಡಿಯಲ್ಲಿ ನಾಡಿದ್ದು ಹೇಳಿ ಆಣೆ ಬಿಡಿಸುವ. ಮದುವೆಯ ದಿನ ಬಾಯಾರಿ ಹೋಗ್ಬೇಡಿ" ಎಂದರು. ಧನಿಗಳು ಗಟಗಟ ಕುಡಿದರು.

ಆಮೇಲೆ ಅಮ್ಮ ನನ್ನ ಕಡೆ ತಿರುಗಿದರು. ಈಗ ನಗುತ್ತಾರೆ, ತಲೆ ಸವರುತ್ತಾರೆ ಎಂದುಕೊಂಡೆ.

"ಇವರಿಗೆ ಇವತ್ತು ಗೊತ್ತಾಯ್ತು" ಎಂದರು. "ನಿನಗೆ ಯಾವಾಗ ಗೊತ್ತಾದದ್ದು?"

"ಎರಡು ವರ್ಷ ಆಯ್ತು."

"ಅಕ್ಕನ ಬಸಿರು ಎರಡನೇ ಸಲ ಹೋದಾಗ?"

"ಗೊತ್ತಿತ್ತು."

"ನಾನು ರಾತ್ರಿ ಎದ್ದೆದ್ದು ಕೂತು ಕೈ ಮುಗಿಯುತ್ತಿದ್ದದ್ದು ನಿನಗೆ ಕಾಣ್ಲಿಲ್ವಾ ಮಗಾ?"

ಕಂಡಿತ್ತು. ಧನಿಗಳು ಚೆಂಬು ಕೆಳಗಿಟ್ಟು ಅಂಗಳದಾಚೆ ಹೋಗಿ ಬೈಕಿನ ಹತ್ತಿರ ನಿಂತರು. "ಹೋಗು, ಅವರ ಹುಡುಗಿಯ ಕೆಲಸ ಸರಿ ಮಾಡಿ ಕೊಡು" ಎಂದು ಹೇಳಿ, ಅಮ್ಮ ಕಟ್ಟಿಗೆ ಒಣಗಿಸಲು ಹೋದರು.